ಕಂದಕ ದಾಟಿ ಬರುವವಳಿಗೆ ವಿಮೆ

ನಮ್ಮ ಜಿಲ್ಲೆ ಹೊಸದಾಗಿ ಹುಟ್ಟಿದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಕಲ್ಪೆಟ್ಟದಲ್ಲಿ ಕಚೇರಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. ಕುರ್ಚಿ ಬರುವ ಮೊದಲೇ ಕಡತ ಬಂದು ಕೂರುತ್ತಿತ್ತು. ಅಂಥ ಒಂದು ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಅದೇ ತಿಂಗಳು ಅವ್ವ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಕೆಲಸಕ್ಕೆ ಹೋಗಬೇಕು, ಅವ್ವನ ಹತ್ತಿರ ಯಾರಾದರೂ ಇರಬೇಕು.

ಕಲ್ಲೂರಿನಿಂದ ಬತ್ತೇರಿಗೆ ಒಂದು ಬಸ್ಸು, ಅಲ್ಲಿಂದ ಕಲ್ಪೆಟ್ಟಕ್ಕೆ ಇನ್ನೊಂದು. ಮೊದಲ ಬಸ್ಸು ತಪ್ಪಿದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು. ಹೊಸ ಕಚೇರಿಯ ಹೊಸ ಪುಸ್ತಕ, ಅದರಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಬೀಳುವುದು ನನಗೆ ಬೇಡವಾಗಿತ್ತು. ಮೊದಲೇ ನನಗೆ ಒಂದು ಕಡೆ ಕೂರುವ ಸ್ವಭಾವವಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವ್ವ ಬೈಯುತ್ತಿದ್ದಳು. ಆ ವರ್ಷ ಮಾತ್ರ ನನ್ನ ತಳಮಳಕ್ಕೆ ನಿಜವಾದ ಕಾರಣ ಇತ್ತು.

ಅವ್ವನನ್ನು ನೋಡಿಕೊಳ್ಳಲು ಒಪ್ಪಿದವರು ಕಾಡಿನ ಹಾಡಿಯ ಅಕ್ಕತಂಗಿಯರು. ನಮ್ಮ ಗದ್ದೆ ಮುಗಿದ ಮೇಲೆ ಆನೆ ದಾಟದಂತೆ ತೋಡಿದ ಕಂದಕ. ಕಂದಕದ ಆಚೆ ಮುತ್ತಂಗದ ಕಾಡು. ಅದರೊಳಗೆ ಅರ್ಧ ಗಂಟೆ ನಡೆದರೆ ಹತ್ತಾರು ಗುಡಿಸಲುಗಳ ಅವರ ಹಾಡಿ. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆಯುವುದರಲ್ಲಿ ನಾನು ಒಮ್ಮೆ ಮಾಡಿದ ಅನಾಹುತ ಸಾಕು. ದೊಡ್ಡವಳು, ಚಿಕ್ಕವಳು ಎಂದರೆ ಆಯಿತು.

ಕೆಲಸ ಒಪ್ಪಿಕೊಂಡದ್ದು ದೊಡ್ಡವಳು. ಮಾತು ಕಡಿಮೆ, ಕೈ ಗಟ್ಟಿ. ಅವ್ವನನ್ನು ಒಂದೇ ಸಲಕ್ಕೆ ಮಗ್ಗುಲು ತಿರುಗಿಸುತ್ತಿದ್ದಳು, ನೋವಾಗುತ್ತಿರಲಿಲ್ಲ. ತಿಂಗಳಲ್ಲಿ ನಾಲ್ಕು ದಿನ ಅವಳು ಹೊರಗಾಗುತ್ತಿದ್ದಳು. ಆ ದಿನಗಳಲ್ಲಿ ಅವರ ಹೆಂಗಸರು ಹಾಡಿಯ ಅಂಚಿನ ಸಣ್ಣ ಗುಡಿಸಲು ಬಿಟ್ಟು ಬರುವುದಿಲ್ಲ, ಬೇರೆಯವರ ಒಲೆ ಹಾಸಿಗೆ ಮುಟ್ಟುವುದಿಲ್ಲ. ಆಗ ಚಿಕ್ಕವಳು ಬರುತ್ತಿದ್ದಳು. ಯಾರಿಗೂ ಹೇಳಿಕಳಿಸುವ ಪದ್ಧತಿ ಇರಲಿಲ್ಲ. ಒಪ್ಪಿಕೊಂಡ ಕೆಲಸ ಒಬ್ಬಳದಲ್ಲ, ಅವರ ಇಡೀ ಕುಟುಂಬದ್ದು. ದೊಡ್ಡವಳ ಬದಲು ಚಿಕ್ಕವಳು ಅಂಗಳದಲ್ಲಿ ನಿಂತರೆ ನಾವೇ ಅರ್ಥ ಮಾಡಿಕೊಳ್ಳಬೇಕು. ಚಿಕ್ಕವಳು ಬಾಯಿಬಡುಕಿ. ಅವ್ವನ ಬಿಳಿಕೂದಲು ಹೆಕ್ಕುತ್ತಾ ಹಾಡಿಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಆ ನಾಲ್ಕು ದಿನಕ್ಕಾಗಿ ಅವ್ವ ಕಾಯುತ್ತಿದ್ದಳು ಎಂದರೂ ತಪ್ಪಲ್ಲ.

ಬೆಳಕು ಚೆನ್ನಾಗಿ ಹರಿಯುವ ತನಕ ಕಾಡುದಾರಿಯಲ್ಲಿ ಕಾಲಿಡುವಂತಿಲ್ಲ. ನನ್ನ ಬಸ್ಸು ಅದಕ್ಕೆ ಮೊದಲೇ ಹೊರಡುತ್ತಿತ್ತು. ಹಾಗಾಗಿ ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅವ್ವ ಒಬ್ಬಳೇ. ಕಂದಕದ ಹತ್ತಿರ ಬಂದಾಗ ಅವರು ಒಂದು ಉದ್ದ ಕೂಗು ಹಾಕುತ್ತಿದ್ದರು. ಅದನ್ನು ಕೇಳಿ ಅವ್ವ ಹಾಸಿಗೆಯಲ್ಲಿದ್ದುಕೊಂಡೇ ಲೋಟದಿಂದ ಗೋಡೆಗೆ ಎರಡು ಸಲ ಕುಟ್ಟುತ್ತಿದ್ದಳು. ಬಂದೆ ಎಂದು ಅವರು, ಬದುಕಿದ್ದೀನಿ ಎಂದು ಇವಳು. ನಾನು ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಇವತ್ತು ಕೂಗು ಬಿತ್ತೋ ಇಲ್ಲವೋ ಎಂದು ಒದ್ದಾಡುತ್ತಿದ್ದೆ. ಸಂಜೆ ಮನೆಗೆ ಬರುವ ತನಕ ತಿಳಿಯಲು ದಾರಿಯೇ ಇರಲಿಲ್ಲ.

ಒಂದು ಭಾನುವಾರ ದೊಡ್ಡವಳು ಮೊಣಕಾಲಿನಿಂದ ರಕ್ತ ಸುರಿಸುತ್ತಾ ಬಂದಳು. ಒಂಟಿ ಸಲಗ ದಾರಿಗೆ ಅಡ್ಡ ಬಂತಂತೆ, ಓಡುವಾಗ ಬಿದ್ದಳಂತೆ. ಕಾಲು ತೊಳೆದು, ಅರಿಶಿನ ಒತ್ತಿಕೊಂಡು, ಏನೂ ಆಗದವಳಂತೆ ಗಂಜಿ ಕಾಯಿಸಲು ಹೋದಳು.

ಅವ್ವ ನನ್ನನ್ನು ಹತ್ತಿರ ಕರೆದಳು. "ನಾಳೀಕೆ ಆನೆ ತುಳಿದ್ರೆ ಅವಳ ಮಕ್ಕಳಿಗೆ ಏನಂತ ಹೇಳೀಯೆ? ನಮ್ಮವ್ವನ ಉಚ್ಚೆಬಟ್ಟೆ ಒಗಿಯಕ್ಕೆ ಬತ್ತಿದ್ಲು, ದಾರೀಲಿ ಸತ್ಲು ಅಂತ ಹೇಳೀಯಾ?"

ಅವ್ವ ಕೊಟ್ಟಿಗೆಯ ಕಡೆ ಕೈ ತೋರಿಸಿದಳು.

"ಹಸೀಗಾದ್ರೂ ಕಿವೀಲಿ ಓಲೆ ಅದೆ" ಎಂದಳು.

ನಮ್ಮ ಮನೆಯಲ್ಲಿ ವಿಮೆ ಇದ್ದದ್ದು ಹಸುವಿಗೆ ಮಾತ್ರ. ಬ್ಯಾಂಕಿನವರು ಹಸು ಕೊಡಿಸುವಾಗ ಅದರ ಕಿವಿಗೆ ನಂಬರಿನ ಬಿಲ್ಲೆ ಹೊಡೆದು ವಿಮೆ ಮಾಡಿಸಿದ್ದರು. ಹಸು ಸತ್ತರೆ ಕೇಳುವವರಿದ್ದಾರೆ, ಇವಳು ಬಿದ್ದರೆ ಇಲ್ಲ. ಅವ್ವನ ಮಾತು ಮೈಗೆ ಮುಳ್ಳು ಚುಚ್ಚಿದಂತೆ ಆಯಿತು. ಮಾರನೆಯ ದಿನ ಕಚೇರಿಯಲ್ಲಿ ಕಂಡಕಂಡವರನ್ನೆಲ್ಲ ವಿಚಾರಿಸಿದೆ. ಮನೆಕೆಲಸದವರಿಗೆ ವಿಮೆಯಾ ಎಂದು ನಕ್ಕವರೇ ಹೆಚ್ಚು. ಒಬ್ಬರು ಮಾತ್ರ ಬತ್ತೇರಿಯ ಒಬ್ಬ ಏಜೆಂಟನ ವಿಳಾಸ ಕೊಟ್ಟರು.

ಆತ ಮುಂದಿನ ಭಾನುವಾರ ಬಂದ. ರೆಕ್ಸಿನ್ ಚೀಲ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಮಾತೆಲ್ಲ ಮಲಯಾಳದಲ್ಲಿ, ನನ್ನನ್ನು ಕರೆದದ್ದು ಚೇಚಿ, ಅಂದರೆ ಅಕ್ಕ ಎಂದು. ಒಳ್ಳೆಯ ಮನುಷ್ಯ, ಅದನ್ನು ಈಗಲೂ ಹೇಳುತ್ತೇನೆ. ಆತ ನನಗೆ ಮೋಸ ಮಾಡಲಿಲ್ಲ. ಅವ್ವನ ಮಂಚದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಎರಡು ಫಾರಂ ಬಿಡಿಸಿಟ್ಟ.

"ನೋಡಿ ಚೇಚಿ, ಇದು ಆಳಿನ ಹೆಸರಿಗೆ ಮಾಡುವ ಅಪಘಾತ ವಿಮೆ. ಇವರ ಹೆಸರು, ಇವರ ಹೆಬ್ಬೆಟ್ಟು. ಕಾಡಿನಲ್ಲಿ ಬೀಳಲಿ, ಮನೆಯಲ್ಲಿ ಬೀಳಲಿ, ಇವರಿಗೆ ಸಿಗುತ್ತದೆ. ಇನ್ನೊಂದು ಮನೆಯವರ ಹೆಸರಿಗೆ ಮಾಡುವುದು. ಮೇಲೆ ನಿಮ್ಮ ಹೆಸರು ಇರುತ್ತದೆ. ನಿಮ್ಮ ಕೆಲಸ ಮಾಡುವಾಗ ಯಾರಿಗೇ ಏಟಾದರೂ ನೀವು ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಡುತ್ತದೆ. ದಾರಿಯನ್ನೂ ಸೇರಿಸಬೇಕೆಂದರೆ ಒಂದು ಸಾಲು ಹೆಚ್ಚು ಬರೆಸಬೇಕು, ಸ್ವಲ್ಪ ಹೆಚ್ಚು ಕಟ್ಟಬೇಕು."

ನನಗೆ ಎರಡನೆಯದು ಕಂಡರೆ ಆಗಲಿಲ್ಲ. ಬಿದ್ದವಳು ಅವಳು, ಕಾಗದದ ಮೇಲೆ ನನ್ನ ಹೆಸರು. ಅದು ನನ್ನನ್ನು ಕಾಪಾಡಿಕೊಳ್ಳುವ ಉಪಾಯದಂತೆ ಕಂಡಿತು. ಆ ಹಾಡಿಯಲ್ಲಿ ಯಾರ ಹೆಸರಿನಲ್ಲೂ ಒಂದು ಕಾಗದ ಇರಲಿಲ್ಲ, ನೆಲಕ್ಕೂ ಇಲ್ಲ, ಮನೆಗೂ ಇಲ್ಲ. ಇವಳಿಗೆ ತನ್ನದೇ ಹೆಸರಿನ ಒಂದು ಕಾಗದ ನನ್ನ ಕೈಯಿಂದ ಸಿಗಲಿ ಎಂಬ ಆಸೆ ನನಗೆ. ಒಳ್ಳೆಯವಳು ಎನಿಸಿಕೊಳ್ಳುವ ಚಪಲವೂ ಇತ್ತು, ಸುಳ್ಳೇಕೆ.

ಏಜೆಂಟ ಪೆನ್ನು ತೆಗೆದವನು ಒಂದು ಕ್ಷಣ ನಿಲ್ಲಿಸಿದ. "ಇವರು ಬಾರದ ದಿನ ಬೇರೆ ಯಾರಾದರೂ ಬರುತ್ತಾರಾ? ಹಾಗಿದ್ದರೆ ಎರಡನೆಯದೇ ಸರಿ. ಇದರಲ್ಲಿ ಹೆಸರು ಇದ್ದವರಿಗೆ ಮಾತ್ರ."

ದೊಡ್ಡವಳು ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಮಲಯಾಳ ನನ್ನಷ್ಟೇ ಬರುತ್ತಿತ್ತು. ನಾನು ಅವಳನ್ನು ನೋಡಿದೆ, ಅವಳು ಗೋಡೆ ನೋಡಿದಳು. ಬರುತ್ತಾರೆ ಎಂದರೆ ಎಂದು ಬರುತ್ತಾರೆ, ಏಕೆ ಬರುತ್ತಾರೆ ಎಂದು ಆತ ಕೇಳುತ್ತಾನೆ. ಪ್ರತಿ ತಿಂಗಳು ನಾಲ್ಕು ದಿನ ಎಂದು ಪರಗಂಡಸಿನ ಮುಂದೆ ಹೇಳುವುದು ಹೇಗೆ? ಕಚೇರಿಯಲ್ಲಿ ಹತ್ತು ಗಂಡಸರ ನಡುವೆ ಕೂತು ಜಗಳ ಆಡುವವಳು ನಾನು. ಆ ಹೊತ್ತು ನಾಲಿಗೆ ಹೊರಳಲಿಲ್ಲ. ಅವ್ವ ಸುಮ್ಮನೆ ಕೆಮ್ಮಿದಳು.

"ಇಲ್ಲ, ಇವಳೇ ಬರುತ್ತಾಳೆ" ಎಂದೆ.

ಆತ ಬರೆಯತೊಡಗಿದ. ವಯಸ್ಸಿನ ಜಾಗಕ್ಕೆ ಬಂದಾಗ ಅವಳ ಮುಖ ನೋಡಿ ನಲವತ್ತು ಎಂದ. ಅವ್ವ ಬದನೆಕಾಯಿ ಚೌಕಾಸಿ ಮಾಡುವ ಹಾಗೆ ಅದನ್ನು ಮೂವತ್ತೈದಕ್ಕೆ ಇಳಿಸಿದಳು. ದೊಡ್ಡವಳು ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಆತ ಹೋದ ಮೇಲೆ ನನ್ನನ್ನು ಕೇಳಿದಳು.

"ನನ್ ಕಿವಿಗೂ ಓಲೆ ಹೊಡೀತಾರಾ ಅಕ್ಕಾ?"

ಅವ್ವ ನಕ್ಕು ನಕ್ಕು ತೊಡೆ ನೋಯಿಸಿಕೊಂಡಳು. ದೊಡ್ಡವಳು ನಗಲಿಲ್ಲ, ನಿಜವಾಗಿಯೇ ಕೇಳಿದ್ದಳು. ಇಲ್ಲ, ಕಾಗದ ಬರುತ್ತದೆ, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಏನಾದರೂ ಆದರೆ ಅದು ನಿನ್ನನ್ನು ನೋಡಿಕೊಳ್ಳುತ್ತದೆ ಎಂದೆ. ಕಾಗದ ಬಂದಾಗ ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು.

ಅದಾದ ಮೇಲೆ ನನಗೆ ನೆಮ್ಮದಿ ಬರಬೇಕಿತ್ತು, ಬರಲಿಲ್ಲ. ತಿಂಗಳ ಆ ನಾಲ್ಕು ದಿನ ಬಂದಾಗಲೆಲ್ಲ ಬಸ್ಸಿನಲ್ಲಿ ಆ ಕಾಗದದ ಮೇಲಿನ ಒಂದೇ ಹೆಸರು ನೆನಪಾಗುತ್ತಿತ್ತು. ಏಜೆಂಟನಿಗೆ ಒಂದು ಕಾಗದ ಬರೆದರೆ ಆಗುತ್ತಿತ್ತು. ಎದುರು ನಿಂತು ಹೇಳಲು ನಾಚಿಕೆಯಾದರೆ ಬರೆದು ತಿಳಿಸಬಹುದಿತ್ತು. ಇಡೀ ದಿನ ಬೇರೆಯವರಿಗೆ ಕಾಗದ ಬರೆಯುವುದೇ ನನ್ನ ಕೆಲಸ. ಮುಂದಿನ ವಾರ ನೋಡೋಣ ಎಂದು ಮುಂದೆ ಹಾಕುತ್ತಲೇ ಹೋದೆ. ಮಳೆಗಾಲ ಬಂತು.

ಕಂದಕ ದಾಟಲು ಹಾಡಿಯವರು ಒಂದು ಮರದ ದಿಮ್ಮಿ ಹಾಕಿಕೊಂಡಿದ್ದರು. ಆ ಮಳೆಗಾಲದಲ್ಲಿ ಅದು ಒಳಗೊಳಗೇ ಕೊಳೆತಿತ್ತು, ಮೇಲಿನ ತೊಗಟೆ ಮಾತ್ರ ಗಟ್ಟಿಯಾಗಿ ಕಾಣುತ್ತಿತ್ತು. ಒಂದು ಗುರುವಾರ ಸಂಜೆ ಬಸ್ಸಿಳಿದು ಬಂದಾಗ ಮನೆಯ ಬಾಗಿಲು ನಾನು ಬೆಳಿಗ್ಗೆ ಎಳೆದುಕೊಂಡ ಹಾಗೆಯೇ ಇತ್ತು. ಒಳಗೆ ಅವ್ವ ಒದ್ದೆ ಹಾಸಿಗೆಯಲ್ಲಿ ಮಲಗಿದ್ದಳು. ತುಟಿ ಒಣಗಿತ್ತು. ಪಕ್ಕದ ಗೋಡೆಯ ಗಾರೆ ಉದುರಿ ಮಂಚದ ಮೇಲೆಲ್ಲ ಬಿದ್ದಿತ್ತು. ಬೆಳಿಗ್ಗೆಯಿಂದ ಲೋಟದಿಂದ ಕುಟ್ಟಿದ್ದಾಳೆ.

"ಕೂಗು ಕೇಳುಸ್ತು ಕನೆ" ಎಂದಳು. "ಕೂಗಿದ್ದು ಚಿಕ್ಕೋಳು. ಕೂಗಿದ್ಮೇಲೆ ಬರ್ನಿಲ್ಲ."

ಅವಳಿಗೆ ನೀರು ಕುಡಿಸಿ, ಬಟ್ಟೆ ಬದಲಿಸುವಷ್ಟರಲ್ಲಿ ಪಕ್ಕದ ಗದ್ದೆಯವರು ಬಂದು ಸುದ್ದಿ ಹೇಳಿದರು. ದಿಮ್ಮಿ ಮುರಿದು ಚಿಕ್ಕವಳು ಕಂದಕಕ್ಕೆ ಬಿದ್ದಿದ್ದಳು. ಮಧ್ಯಾಹ್ನ ದನ ಮೇಯಿಸಲು ಹೋದವರು ನರಳುವುದು ಕೇಳಿ ಎತ್ತಿದರು. ಜೀಪಿನಲ್ಲಿ ಬತ್ತೇರಿಯ ಆಸ್ಪತ್ರೆಗೆ ಸಾಗಿಸಿದ್ದಾರೆ, ಕಾಲು ಮುರಿದಿದೆ.

ಆಗ ನನ್ನ ಮನಸ್ಸಿಗೆ ಬಂದದ್ದನ್ನು ಬಂದ ಹಾಗೆಯೇ ಬರೆಯುತ್ತೇನೆ. ಮೊದಲು ಬಂದದ್ದು, ನಾಳೆ ಅವ್ವನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು. ಆಮೇಲೆ, ಸದ್ಯ ವಿಮೆ ಇದೆ ಎಂದು. ವಿಮೆ ಯಾರ ಹೆಸರಿನಲ್ಲಿದೆ ಎಂಬುದು ಮೂರನೆಯದಾಗಿ ನೆನಪಾಯಿತು. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ನನ್ನ ಮೇಲೆಯೇ ಅಸಹ್ಯವಾಯಿತು.

ಮರುದಿನ ಪಕ್ಕದ ಗದ್ದೆಯಾಕೆಯನ್ನು ಅವ್ವನ ಹತ್ತಿರ ಕೂರಿಸಿ ಬತ್ತೇರಿಗೆ ಹೋದೆ. ಮೊದಲು ಏಜೆಂಟನ ಕೋಣೆ. ಇದ್ದದ್ದೆಲ್ಲ ಹೇಳಿದೆ, ಆ ನಾಲ್ಕು ದಿನದ ವಿಷಯವನ್ನೂ. ಈಗ ನಾಲಿಗೆ ಸಲೀಸಾಗಿ ಹೊರಳಿತು. ಆತ ತಲೆ ತಗ್ಗಿಸಿ ಕೇಳಿದ.

"ನನ್ನ ಹೆಂಡತಿಯೂ ಇದ್ದಾಳೆ ಚೇಚಿ, ಮೂವರು ತಂಗಿಯರೂ ಇದ್ದಾರೆ. ಆವತ್ತೇ ಹೇಳಿದ್ದರೆ ನಾನೇನು ನಗುತ್ತಿರಲಿಲ್ಲ" ಎಂದ. ಆಮೇಲೆ ಮೆಲ್ಲಗೆ ಹೇಳಿದ, "ಆಸ್ಪತ್ರೆಯ ಚೀಟಿಯಲ್ಲಿ ಹೆಸರು ಬರೆಸಿದ್ದಾರೋ ಇಲ್ಲವೋ ನೋಡಿ. ಬರೆಸಿರದಿದ್ದರೆ... ಅಕ್ಕತಂಗಿ ನೋಡಲು ಒಂದೇ ತರ ಇರುತ್ತಾರೆ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದ. ಅವನು ನನ್ನ ಮೇಲಿನ ಮರುಕಕ್ಕೆ ಹೇಳಿದ್ದು. ಆಸ್ಪತ್ರೆಯ ಮೆಟ್ಟಿಲು ಹತ್ತುವ ತನಕ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಸುಳ್ಳು ಹೇಳಿ ಕೆಡಿಸಿದ್ದೇನೆ, ಇನ್ನೊಂದು ಹೇಳಿದರೆ ಸರಿಹೋಗುತ್ತದೆ. ಚಿಕ್ಕವಳಿಗೆ ಸಿಗಬೇಕಾದ್ದು ಸಿಗುತ್ತದೆ. ಯಾರಿಗೆ ನಷ್ಟ?

ಅವಳು ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿದ್ದಳು. ಮೊಣಕಾಲಿನ ಕೆಳಗೆ ಬೂದು ಬಣ್ಣದ ಹಸಿ ಪ್ಲಾಸ್ಟರು. ಜೀಪಿನಲ್ಲಿ ತಂದವರು ಹಾಡಿಯ ಹೆಂಗಸು ಎಂದಷ್ಟೇ ಬರೆಸಿ ಹೋಗಿದ್ದರು. ಹಾಡಿಯಿಂದ ಅವಳ ಗಂಡ ಬಂದು ಹೊರಗೆ ಜಗಲಿಯಲ್ಲಿ ಕೂತಿದ್ದ. ದೊಡ್ಡವಳು ಬಂದಿರಲಿಲ್ಲ, ಬರುವಂತಿರಲಿಲ್ಲ. ಅವಳಿಗೆ ಇನ್ನೂ ಎರಡು ದಿನ ಉಳಿದಿತ್ತು. ನನ್ನನ್ನು ಕಂಡದ್ದೇ ಚಿಕ್ಕವಳು ಕೇಳಿದ್ದು ಒಂದೇ, ಅದೂ ನಮ್ಮ ಅವ್ವನ ಬಗ್ಗೆ.

"ದೊಡ್ಡವ್ವಂಗೆ ಗಂಜಿ ಯಾರು ಕೊಟ್ರು?"

ನಾನು ಕೊಟ್ಟೆ ಎಂದೆ. ಯಾವಾಗ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಷ್ಟರಲ್ಲಿ ನರ್ಸು ಚೀಟಿ ಹಿಡಿದು ಬಂದಳು. ಹೆಸರು ಹೇಳಿ ಎಂದು ನನ್ನನ್ನೇ ಕೇಳಿದಳು, ಚಪ್ಪಲಿ ಹಾಕಿದವಳು ನಾನು ಎಂಬ ಕಾರಣಕ್ಕೆ. ನಾನು ಬಾಯಿ ತೆರೆದೆ. ಯಾವ ಹೆಸರು ಹೇಳಲಿದ್ದೆನೋ ಇವತ್ತಿಗೂ ನನಗೆ ಖಚಿತವಿಲ್ಲ. ದೊಡ್ಡವಳ ಹೆಸರೇ ಇರಬೇಕು. ಅದಕ್ಕೆ ಮೊದಲು ಮಂಚದಿಂದ ಚಿಕ್ಕವಳು ತನ್ನ ಹೆಸರನ್ನು ಹೇಳಿದಳು. ಅಪ್ಪನ ಹೆಸರನ್ನೂ ಹಾಡಿಯ ಹೆಸರನ್ನೂ ಸೇರಿಸಿ, ಗಟ್ಟಿಯಾಗಿ, ಆಚೆ ಮಂಚದವರು ತಿರುಗಿ ನೋಡುವ ಹಾಗೆ. ನೋವಿನಲ್ಲೂ ಅವಳ ಬಾಯಿ ಚುರುಕೇ. ನರ್ಸು ಬರೆದುಕೊಂಡಳು.

ವಿಮೆಯಿಂದ ಏನೂ ಬರಲಿಲ್ಲ. ಬರುವಂತಿರಲಿಲ್ಲ, ಅದರಲ್ಲಿ ಕಂಪನಿಯ ತಪ್ಪಿಲ್ಲ. ನಾನು ಕಚೇರಿಗೆ ರಜೆ ಹಾಕಿದೆ. ಚಿಕ್ಕವಳನ್ನು ಹಾಡಿಗೆ ಕಳಿಸಲಿಲ್ಲ, ನಮ್ಮ ಮನೆಗೆ ಕರೆತಂದು ಅವ್ವನ ಮಂಚದ ಪಕ್ಕ ಇನ್ನೊಂದು ಮಂಚ ಹಾಕಿದೆ. ದೊಡ್ಡವಳು ನಾಲ್ಕು ದಿನ ಮುಗಿಸಿ ಮಿಂದು ಬಂದವಳು ತಂಗಿಯ ಕಾಲನ್ನು ನೋಡಿ ಬಾಗಿಲಲ್ಲೇ ಕುಸಿದು ಅತ್ತಳು. ಆಮೇಲೆ ಎದ್ದು, ಮೊದಲು ಅವ್ವನನ್ನು, ಆಮೇಲೆ ತಂಗಿಯನ್ನು ಮಗ್ಗುಲು ತಿರುಗಿಸಿದಳು.

ಪ್ಲಾಸ್ಟರು ಬಿಚ್ಚುವ ತನಕ ನಮ್ಮ ಮನೆ ಒಂದು ವಾರ್ಡೇ ಆಗಿತ್ತು. ದೊಡ್ಡವಳಿಗೆ ನಾಲ್ಕು ದಿನ ಬಂದಾಗ ಆ ಇಬ್ಬರ ಕೆಲಸವನ್ನೂ ನಾನು ಮಾಡಿದೆ. ಆಗ ಗೊತ್ತಾಯಿತು ಆ ಕೆಲಸದ ತೂಕ. ಸೊಂಟ ಬಿದ್ದುಹೋಯಿತು. ಅವ್ವ ಮಲಗಿಕೊಂಡೇ ಚಿಕ್ಕವಳಿಗೆ ಪಾಠ ಹೇಳುತ್ತಿದ್ದಳು, ಬೆನ್ನು ಹುಣ್ಣಾಗದಂತೆ ಹೇಗೆ ಮಲಗಬೇಕು, ಪ್ಲಾಸ್ಟರಿನೊಳಗೆ ಕೆರೆತ ಬಂದರೆ ಅದನ್ನು ಮರೆಯಲು ಎಲ್ಲಿ ನೋಡಬೇಕು ಎಂದು. ಇಬ್ಬರೂ ಸೇರಿ ನನ್ನ ಗಂಜಿಗೆ ಉಪ್ಪಿಲ್ಲ ಎಂದು ಆಡಿಕೊಂಡು ನಗುತ್ತಿದ್ದರು. ನನಗೆ ರೇಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು. ಚಿಕ್ಕವಳ ಕಾಲು ಕೂಡಿತು, ಒಂದಿಷ್ಟು ಗಿಡ್ಡವಾಗಿ ಕೂಡಿತು. ಜೇನಿನ ಕಾಲದಲ್ಲಿ ಅವಳು ಇನ್ನು ಗಂಡನ ಜೊತೆ ಕಾಡು ಸುತ್ತುವಂತಿಲ್ಲ. ಅದನ್ನು ಯಾವ ಫಾರಂ ತುಂಬಿದರೂ ತಿರುಗಿ ಕೊಡಲಾಗುವುದಿಲ್ಲ.

ವರ್ಷ ತುಂಬಿದಾಗ ಏಜೆಂಟ ಮತ್ತೆ ಬಂದ. ಈ ಸಲ ನಾನೇ ಎರಡನೆಯ ಫಾರಂ ಎಳೆದುಕೊಂಡೆ. ಮೇಲೆ ನನ್ನ ಹೆಸರು ಬರೆದೆ. ದಾರಿಯ ಸಾಲನ್ನೂ ಸೇರಿಸಿದೆ, ಹಾಡಿಯಿಂದ ಮನೆಗೆ, ಮನೆಯಿಂದ ಹಾಡಿಗೆ. ಯಾರು ಬಂದರೂ ಎಂದು ಎರಡು ಸಲ ಬಾಯಿಬಿಟ್ಟು ಹೇಳಿಸಿಕೊಂಡೆ. ಕೊಡಬೇಕಾದ ಹೊಣೆ ನನ್ನದು, ಹಾಗಿದ್ದ ಮೇಲೆ ಕಾಗದದ ಮೇಲೆ ಇರಬೇಕಾದದ್ದು ನನ್ನ ಹೆಸರೇ. ಇಷ್ಟು ತಿಳಿಯಲು ನನಗೆ ಒಬ್ಬಳ ಕಾಲು ಬೇಕಾಯಿತು. ಹಳೆಯ ಕಾಗದ ಇದ್ದರೆ ಕೊಡಿ, ರದ್ದು ಮಾಡಬೇಕು ಎಂದ ಏಜೆಂಟ.

ಅದನ್ನು ತರಲು ನಾನು ಮೊದಲ ಸಲ ಕಂದಕ ದಾಟಿದೆ. ಹೊಸ ದಿಮ್ಮಿ ಹಾಕಿದ್ದರು. ಅದರ ಮೇಲೆ ಕೂತು, ಕೈ ಊರಿ ಊರಿ ಮುಂದೆ ಸರಿದೆ. ಒಂದು ವರ್ಷ ಅವರು ದಿನಕ್ಕೆ ಎರಡು ಸಲ ದಾಟಿದ ದಾರಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಆ ಹೊತ್ತು ಚಿಕ್ಕವಳು ನಮ್ಮ ಮನೆಯಲ್ಲಿದ್ದಳು. ದೊಡ್ಡವಳು ಹಾಡಿಯ ಅಂಚಿನ ಆ ಸಣ್ಣ ಗುಡಿಸಲಿನ ಮುಂದೆ ಕೂತಿದ್ದಳು. ನಾನು ದೂರದಲ್ಲೇ ಕಲ್ಲಿನ ಮೇಲೆ ಕೂತೆ. ಏಜೆಂಟ ಕೇಳಿದಾಗ ನಾಚಿಕೆಪಟ್ಟು ಸುಳ್ಳು ಹೇಳಿದೆ, ತಪ್ಪಾಯಿತು ಎಂದು ಅವಳಿಗೆ ಹೇಳಿದೆ.

"ನಾನೂ ಅಲ್ಲೇ ನಿಂತಿದ್ನಲ್ಲ ಅಕ್ಕಾ" ಎಂದಳು. "ನಾನೂ ಗ್ವಾಡೆ ನೋಡ್ದೆ."

ಕಾಗದದ ವಿಷಯ ಹೇಳಿದಾಗ ಅವಳು ತನ್ನ ಮಗಳನ್ನು ಕೂಗಿ ಕರೆದಳು. ಹುಡುಗಿ ಅವರ ಗುಡಿಸಲಿನ ಮಾಡಿನಿಂದ ಒಂದು ಬಿದಿರಿನ ಅಂಡೆ ತಂದಳು, ಬಿತ್ತನೆಯ ಬೀಜ ಇಡುವಂಥದ್ದು. ಬಾಯಿಗೆ ಮೇಣ ಮೆತ್ತಿತ್ತು. ಅದನ್ನು ಕೆರೆದು ತೆಗೆದು ಒಳಗಿನಿಂದ ಕಾಗದದ ಸುರುಳಿಯನ್ನು ಎಳೆದು ನನ್ನ ಕೈಗೆ ಕೊಟ್ಟಳು. ಕೊಟ್ಟ ದಿನ ಹೇಗಿತ್ತೋ ಹಾಗೆಯೇ ಇತ್ತು. ಒಂದು ಕಲೆ ಇರಲಿಲ್ಲ, ಮೂಲೆ ಮಡಚಿರಲಿಲ್ಲ.

ದೊಡ್ಡವಳು ದೂರದಿಂದಲೇ ಅದನ್ನು ನೋಡಿದಳು. ದೂರುವ ದನಿ ಇರಲಿಲ್ಲ, ಕೋಳಿ ಮೊಟ್ಟೆ ಇಡಲಿಲ್ಲ ಎಂದು ಹೇಳುವ ಹಾಗೆ ಹೇಳಿದಳು.

"ನೀ ಹೇಳ್ದಂಗೇ ಜ್ವಾಪಾನ ಮಾಡ್ದೊ ಅಕ್ಕಾ. ಮಳೆ ತಾಕುಸ್ನಿಲ್ಲ, ಗೆದ್ಲು ಮುಟ್ಟುಸ್ನಿಲ್ಲ. ನಾವು ಅದ ಚೆಂದಾಗಿ ನೋಡ್ಕಂಡೊ. ಅದು ನಮ್ಮ ನೋಡ್ಕಳ್ನಿಲ್ಲ, ಅಷ್ಟೇಯ."

ನಾನು ಕಾಗದವನ್ನು ಚೀಲದಲ್ಲಿಟ್ಟುಕೊಂಡು ಬಂದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸನ್ನು ಹೋಗಲು ಬಿಟ್ಟೆ. ಅದರ ಮಾರನೆಯ ದಿನವೂ ಬಿಟ್ಟೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸಾಲಾಗಿ ಕೆಂಪು ಬಿತ್ತು, ಸಾಹೇಬರು ಎರಡು ಸಲ ಕರೆದು ಕೇಳಿದರು. ಅಂಗಳದಲ್ಲಿ ನಿಂತು, ಕೂಗು ಕೇಳಿ, ಆಮೇಲೆ ಗದ್ದೆಯ ಬದುವಿನ ಮೇಲೆ ಕುಂಟುತ್ತಲೋ ಕುಂಟದೆಯೋ ಒಬ್ಬಳು ಬರುವುದು ಕಣ್ಣಿಗೆ ಬಿದ್ದ ಮೇಲೆಯೇ ನಾನು ಬಸ್ಸಿಗೆ ಹೊರಡುತ್ತಿದ್ದೆ.